ಏಲಕ್ಕಿಯೋ, ಕಿತ್ತಳೆಯೋ?

ಎರಡನ್ನೂ ಮಾಡಿದವನು ಒಬ್ಬನೇ. ಫ್ರಾನ್ಸಿನ ಗ್ರಾಸ್ ಊರಿನ ಜಾನ್-ಕ್ಲೋದ್ ಎಲೆನಾ 1998ರಲ್ಲಿ ಕಾರ್ಟಿಯೆಗೆ ಡಿಕ್ಲರೇಷನ್ ಮಾಡಿಕೊಟ್ಟ, 2006ರಲ್ಲಿ ಎರ್ಮೆಸ್‌ಗೆ ಟೆರ್ ದೆರ್ಮೆಸ್. ಎರಡರಲ್ಲೂ ಮೊದಲು ಕಿತ್ತಳೆ ಜಾತಿಯ ಸಿಪ್ಪೆ, ಆಮೇಲೆ ಮಸಾಲೆ, ಕೊನೆಗೆ ಒಣಮರ. ಅಂಗಡಿಯ ಕಾಗದದ ಪಟ್ಟಿ ಮೇಲೆ ಮೂಸಿದ್ರೆ ಅಣ್ಣತಮ್ಮಂದಿರೇ. ಅದಕ್ಕೇ 'ಯಾವ್ದು ತಗೊಳ್ಲಿ?' ಅನ್ನೋ ಪ್ರಶ್ನೆ.

ಟೆರ್ ಸುಲಭ. ಕಿತ್ತಳೆ, ಮೆಣಸು, ಲಾವಂಚ, ದೇವದಾರು, ಜೊತೆಗೆ ಬೆಣಚುಕಲ್ಲು ಉಜ್ಜಿದಂಥ ಒಂದು ಒಣ ವಾಸನೆ. ಇದರಲ್ಲಿ ಐಸೋ ಇ ಸೂಪರ್ ಅನ್ನೋ ಕೃತಕ ಮರದ ಪರಿಮಳ ಧಾರಾಳವಾಗಿದೆ. ಅದರ ಗುಣ ವಿಚಿತ್ರ: ಹಾಕ್ಕೊಂಡವರಿಗೆ ಹೋಯ್ತು ಅನ್ಸುತ್ತೆ, ಪಕ್ಕದ ಕುರ್ಚಿಯವರಿಗೆ ಬರ್ತಾನೇ ಇರುತ್ತೆ. ದಯವಿಟ್ಟು ಮಧ್ಯಾಹ್ನ ಇನ್ನೊಂದು ಸಲ ಹೊಡ್ಕೋಬೇಡಿ.

ಡಿಕ್ಲರೇಷನ್ ವಿಷಯ ಬೇರೆ. ಅದರ ಜೀವ ಏಲಕ್ಕಿ, ಹಿಂದೆ ಜೀರಿಗೆಯ ನೆರಳು. ಆ ಜೀರಿಗೆ ಪಶ್ಚಿಮದ ಎಷ್ಟೋ ಮೂಗುಗಳಿಗೆ ಬೆವರು. ನಮಗೆ? ಸಾರು. ಹೊರದೇಶದಲ್ಲಿರೋ ನಮ್ಮವರು ಒಗ್ಗರಣೆಗೆ ಮುಂಚೆ ಜಾಕೆಟ್‌ಗಳನ್ನೆಲ್ಲ ರೂಮಿಗೆ ಸೇರಿಸಿ ಬಾಗಿಲು ಹಾಕ್ತಾರೆ. ಆಫೀಸಲ್ಲಿ ಅಡುಗೆಮನೆಯ ವಾಸನೆ ಬರಬಾರದು ಅಂತ. ಅದೇ ಜೀರಿಗೆ ಪ್ಯಾರಿಸ್ಸಿನ ಬಾಟಲಿಯಲ್ಲಿ ಬಂದ್ರೆ ಸಾವಿರಾರು ರೂಪಾಯಿ ಕೊಡಬೇಕಾ ಅನ್ನೋ ಸಿಟ್ಟು ನ್ಯಾಯವಾದದ್ದೇ.

ಆದ್ರೂ ನನ್ನ ಓಟು ಇದಕ್ಕೇ. ನಾವು ಏಲಕ್ಕಿಯನ್ನು ಒಂಟಿಯಾಗಿ ಮೂಸೋದು ಕಡಿಮೆ. ಪಾಯಸ, ಹೋಳಿಗೆ, ಟೀ, ಎಲ್ಲೆಲ್ಲೂ ಸಕ್ಕರೆ ಜೊತೆಗಿರುತ್ತೆ. ಬಿಟ್ರೆ ಹಾವೇರಿಯ ಏಲಕ್ಕಿ ಹಾರ, ಅದೂ ಸನ್ಮಾನದ ದಿನ, ಬೇರೆಯವರ ಕೊರಳಲ್ಲಿ. ಎಲೆನಾ ಇಲ್ಲಿ ಸಕ್ಕರೆ, ಹಾಲು ಎರಡನ್ನೂ ಕಿತ್ತೆಸೆದಿದ್ದಾನೆ. ಉಳಿಯೋದು ಏಲಕ್ಕಿಯ ತಣ್ಣನೆ ಮುಖ. ನೀಲಗಿರಿ ಎಣ್ಣೆಯಲ್ಲಿರೋ ಸಿನಿಯೋಲ್ ಏಲಕ್ಕಿಯಲ್ಲೂ ಇದೆ, ಆ ಚುರುಕು ಇಲ್ಲಿ ಸ್ಪಷ್ಟವಾಗಿ ಸಿಗುತ್ತೆ. ಹುಟ್ಟಿದಾಗಿನಿಂದ ಗೊತ್ತಿದ್ದ ವಾಸನೆ ಹೊಸದಾಗಿ ಪರಿಚಯವಾಗುತ್ತೆ. ಟೆರ್ ಎಷ್ಟೇ ಚೆನ್ನಾಗಿದ್ರೂ ನನಗೆ ಈ ಕೆಲಸ ಮಾಡಲಿಲ್ಲ. ಅದು ಇಸ್ತ್ರಿ ಮಾಡಿದ ಶರ್ಟಿನ ಹಾಗೆ, ಇಂಟರ್‌ವ್ಯೂಗೆ ಸರಿ.

ಕೊರತೆ ಹೇಳದಿದ್ರೆ ಮೋಸ: ಡಿಕ್ಲರೇಷನ್ ನನ್ನ ಚರ್ಮದ ಮೇಲೆ ನಾಲ್ಕು ಗಂಟೆ ನಿಂತರೆ ಹೆಚ್ಚು. ಟೆರ್ ಮರುದಿನವೂ ಕಾಲರಿನಲ್ಲಿರುತ್ತೆ. ಬೆಲೆಗೆ ತಕ್ಕ ಬಾಳಿಕೆ ಬೇಕು ಅನ್ನೋರಿಗೆ ಟೆರ್ರೇ ಸರಿ, ನಾನು ವಾದ ಮಾಡಲ್ಲ.

ಕಾಗದದ ಪಟ್ಟಿ ನಂಬಬೇಡಿ. ಒಂದೊಂದು ಮಣಿಕಟ್ಟಿಗೆ ಒಂದೊಂದು ಹಾಕ್ಕೊಂಡು ಅರ್ಧ ದಿನ ಓಡಾಡಿ. ಡಿಕ್ಲರೇಷನ್ ಮಾತ್ರ ಎಡಗೈಗಿರಲಿ. ಸಾರನ್ನ ಕಲಸಿದ ಮೇಲೆ ಬಲಗೈಯ ಸಾಕ್ಷಿ ನಡೆಯಲ್ಲ.