ಸಾಹಿರ್ ಬಿಟ್ಟುಹೋದ ಸಿಗರೇಟು

ಅಮೃತಾ ಪ್ರೀತಂ ಅವರ ಆತ್ಮಕಥೆ ‘ರಸೀದಿ ಟಿಕೆಟ್’ (1976) ಎಂದೊಡನೆ ಓದುಗರಿಗೆ ನೆನಪಾಗುವುದು ಸಿಗರೇಟಿನ ಪ್ರಸಂಗ. ಲಾಹೋರಿನಲ್ಲಿ ಸಾಹಿರ್ ಲುಧಿಯಾನ್ವಿ ಅವರನ್ನು ಕಾಣಲು ಬರುತ್ತಿದ್ದರು. ಮಾತಿಲ್ಲದೆ ಒಂದರ ಹಿಂದೊಂದು ಸಿಗರೇಟು ಹಚ್ಚಿ, ಅರ್ಧ ಸೇದಿ ಆರಿಸುತ್ತಿದ್ದರು. ಅವರು ಹೋದ ಮೇಲೆ ಅಮೃತಾ ಆ ತುಂಡುಗಳನ್ನು ಕಪಾಟಿನಲ್ಲಿ ಜೋಪಾನ ಮಾಡಿ, ಏಕಾಂತದಲ್ಲಿ ಒಂದೊಂದಾಗಿ ಹಚ್ಚುತ್ತಿದ್ದರು. ತಮಗೆ ಈ ಚಟ ಅಂಟಿದ್ದು ಹೀಗೆ ಎಂದು ಅವರೇ ಬರೆದಿದ್ದಾರೆ.

ಪ್ರೇಮದ ಅಪೂರ್ವ ಗಳಿಗೆಯೆಂದು ನಾವು ಇದನ್ನು ಕೊಂಡಾಡುತ್ತ ಬಂದಿದ್ದೇವೆ. ಆದರೆ ಸಾಹಿರ್ ಏಕೆ ಸೇದುತ್ತಿದ್ದರೆಂದು ಯಾರಾದರೂ ಕೇಳಿದ್ದೇವೆಯೇ? ಗಂಡಸು, ಅದರಲ್ಲೂ ಶಾಯರ್, ಸೇದುವುದು ಸಹಜವೆಂದುಕೊಂಡೆವು. ಹೆಣ್ಣು ಸೇದಿದ್ದಕ್ಕೆ ಮಾತ್ರ ನಮಗೊಂದು ಕಾರಣ ಬೇಕು, ಆ ಕಾರಣವೂ ಒಬ್ಬ ಗಂಡಸೇ ಆಗಿರಬೇಕು. ತಂಬಾಕು ನಿಷಿದ್ಧವಾದ ಸಿಖ್ ಮನೆತನದಲ್ಲಿ ಹುಟ್ಟಿದವರು ಇದನ್ನು ಮುಚ್ಚುಮರೆಯಿಲ್ಲದೆ ಬರೆದ ಧೈರ್ಯ ಸಣ್ಣದಲ್ಲ. ನಾವು ಆ ಧೈರ್ಯವನ್ನು ಬಿಟ್ಟು ವಿರಹವನ್ನಷ್ಟೇ ಎತ್ತಿಕೊಂಡೆವು.

ಸಿನಿಮಾದ ಕಥೆಯೂ ಇದೇ. ‘ಹಮ್ ದೋನೋ’ (1961) ಚಿತ್ರದಲ್ಲಿ ಸಾಹಿರ್ ಬರೆದ ಹಾಡಿಗೆ ದೇವಾನಂದ್ ಹೊಗೆ ಬಿಟ್ಟರೆ ಅದು ಬದುಕಿನ ತತ್ವ. ಆ ಕಾಲದ ಚಿತ್ರಗಳಲ್ಲಿ ಸಿಗರೇಟು ಹಿಡಿದ ಹೆಣ್ಣು ಬಹುಮಟ್ಟಿಗೆ ಕೆಟ್ಟವಳೇ.

ಕಥೆಗಾರರಾದ ನಾವೂ ಇದಕ್ಕೆ ಹೊರತಲ್ಲ. ನಮ್ಮ ಕಥೆಗಳಲ್ಲಿ ಅಬ್ಬಾ ಬೀಡಿ ಹಚ್ಚಿದರೆ ಗಾಢ ಯೋಚನೆಯಲ್ಲಿದ್ದಾರೆಂದು ಅರ್ಥ. ಅಡುಗೆಮನೆಯ ಮೂಲೆಯಲ್ಲಿ ಪಾನ್‌ದಾನ್ ತೆರೆದು, ಎಲೆಯಡಿಕೆಯೊಂದಿಗೆ ಹೊಗೆಸೊಪ್ಪು ಬಾಯಿಗಿಟ್ಟುಕೊಂಡ ದಾದಿ ಏನು ಯೋಚಿಸುತ್ತಿದ್ದರೆಂದು ನಾವು ಬರೆಯಲಿಲ್ಲ.

2016-17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದಲ್ಲಿ ಬೀಡಿ, ಸಿಗರೇಟು ಮುಂತಾದವನ್ನು ಸೇದುವ ಗಂಡಸರು ಶೇ. 19, ಹೆಂಗಸರು ಶೇ. 2. ಇಷ್ಟನ್ನೇ ನೋಡಿದರೆ ಹೆಂಗಸರು ಪಾರಾದರೆನಿಸುತ್ತದೆ. ಆದರೆ ಹೊಗೆರಹಿತ ತಂಬಾಕು ಬಳಸುವ ಹೆಂಗಸರು ಶೇ. 12.8. ನಮ್ಮ ಕರಾವಳಿಯಲ್ಲಿ ಮನೆಯಲ್ಲೇ ಕುಳಿತು ಬೀಡಿ ಕಟ್ಟುವವರೂ ಹೆಚ್ಚಾಗಿ ಹೆಂಗಸರೇ. ತಂಬಾಕಿನ ಹುಡಿ ದಿನವಿಡೀ ಅವರ ಉಸಿರಿಗಿಳಿಯುತ್ತದೆ. ಸೇದದವರ ಈ ಕೆಮ್ಮಿಗೆ ನಮ್ಮ ಸಾಹಿತ್ಯದಲ್ಲಿ ಸಿಕ್ಕ ಜಾಗವೆಷ್ಟು?

ಚಟವನ್ನು ಯಾರ ಕೈಯಲ್ಲೂ ಹೊಗಳಬೇಕಿಲ್ಲ. ಅದರ ಕೇಡು ಇಬ್ಬರಿಗೂ ಒಂದೇ. 1980ರಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಸಾಹಿರ್‌ಗೆ ಇನ್ನೂ 59 ವರ್ಷ. ಗಂಡಸಿನ ಹೊಗೆಯಲ್ಲಿ ಕಾವ್ಯವನ್ನೂ ಹೆಣ್ಣಿನ ಹೊಗೆಯಲ್ಲಿ ಕಳಂಕವನ್ನೂ ಹುಡುಕುವ ಚಟ ಮಾತ್ರ ನಮ್ಮದೇ. ಅದನ್ನು ಬಿಡಲು ಇನ್ನೆಷ್ಟು ಕಾಲ ಬೇಕು?