ಸಾಕ್ಷಿಗೆ ಹೊದಿಸಿದ ಶಿಲುಬೆ

ಏಲಿಯಾ ಕಜಾನರ ‘ಆನ್ ದಿ ವಾಟರ್‌ಫ್ರಂಟ್’ (1954) ಬಂದರಿನ ಕಾರ್ಮಿಕ ಸಂಘವನ್ನು ಆಕ್ರಮಿಸಿದ ಪಾತಕಿಗಳ ವಿರುದ್ಧ ಸಾಕ್ಷಿ ನುಡಿಯುವವರ ಕಥೆ. ಕೊಲೆಯಾದ ಜೋಯಿಯ ಜಾಕೆಟ್ ಮೊದಲು ಡೂಗನ್‌ಗೆ, ಅವನೂ ಸತ್ತ ಬಳಿಕ ಟೆರ್ರಿಗೆ ಸಲ್ಲುತ್ತದೆ. ಸತ್ಯದ ಹೊಣೆಯೂ ಅದರೊಡನೆ ಸಾಗುತ್ತದೆ. ಡೂಗನ್ನನ ಸಾವನ್ನು ಫಾದರ್ ಬ್ಯಾರಿ ಹಡಗಿನ ಒಡಲಲ್ಲೇ ನಿಂತು ಶಿಲುಬೆಯ ಮರಣವೆಂದು ಕರೆಯುತ್ತಾರೆ. ಬಳಿಕ ಶವದೊಡನೆ, ಸರಕೆತ್ತುವ ಯಂತ್ರದಲ್ಲಿ ಮೇಲೇರುತ್ತಾರೆ. ಸ್ವರ್ಗಾರೋಹಣದ ಈ ಚಿತ್ರ ದುಡಿಮೆಯ ಸಲಕರಣೆಯಿಂದಲೇ ಮೂಡಿದೆ. ಅದರ ಬಲವೂ ಅಲ್ಲಿಯದೇ.

ಅಂತ್ಯದ ಮಾತು ಬೇರೆ. ಪೆಟ್ಟು ತಿಂದ ಟೆರ್ರಿ ತತ್ತರಿಸುತ್ತ ನಡೆಯುವ ದಾರಿ ಕಲ್ವಾರಿಯನ್ನು ನೆನಪಿಸುತ್ತದೆ. ಆದರೆ 1952ರಲ್ಲಿ ಕಜಾನರು ಅಮೆರಿಕದ ಪ್ರತಿನಿಧಿಸಭೆಯ ಸಮಿತಿಯೆದುರು ತಮ್ಮ ಹಳೆಯ ಕಮ್ಯುನಿಸ್ಟ್ ಸಂಗಾತಿಗಳ ಹೆಸರು ಹೇಳಿದ್ದರು. ಚಿತ್ರಕಥೆಗಾರ ಬಡ್ ಶುಲ್ಬರ್ಗರೂ ಹಾಗೆಯೇ ನುಡಿದಿದ್ದರು. ಕೊಲೆಗಡುಕರ ವಿರುದ್ಧದ ಸಾಕ್ಷ್ಯಕ್ಕೂ ಸಂಗಾತಿಗಳ ರಾಜಕೀಯ ನಂಬಿಕೆಯನ್ನು ಒಪ್ಪಿಸುವ ಸಾಕ್ಷ್ಯಕ್ಕೂ ಇರುವ ಅಂತರವನ್ನು ಟೆರ್ರಿಯ ಗಾಯಗಳು ಮರೆಸುತ್ತವೆ. ಸುವಾರ್ತೆಯಲ್ಲಿ ಒಡನಾಡಿಯನ್ನು ಹಿಡಿದುಕೊಟ್ಟವನು ಯೂದ, ಗಾಯಗೊಂಡವನು ಕ್ರಿಸ್ತ. ಚಿತ್ರ ಈ ಇಬ್ಬರ ನಡುವಿನ ಗೆರೆಯನ್ನೇ ಅಳಿಸುತ್ತದೆ. ಟೆರ್ರಿಯ ಧೈರ್ಯ ನಿಸ್ಸಂದೇಹ. ಅದರ ನೆರಳಿನಲ್ಲಿ ನಿರ್ದೇಶಕರು ಪಡೆದುಕೊಂಡ ಪಾವಿತ್ರ್ಯವನ್ನು ವಿಮರ್ಶೆ ಪ್ರಶ್ನಿಸಲೇಬೇಕು.