ಒಂದು ವರ್ಷದ ಅಪ್ರೆಂಟಿಸ್: ಕಲಿಸುವವರು ಯಾರು?

ಮಂಗಳೂರಿನ ಕಾವೂರು ಜಂಕ್ಷನ್ನಿನಲ್ಲಿ ಬೆಳಿಗ್ಗೆ ಕೂಳೂರು ಕಡೆಯ ಬಸ್ಸಿಗೆ ಕಾಯುವವರ ನಡುವೆ ಅಪ್ರೆಂಟಿಸ್ ಹುಡುಗರನ್ನು ಗುರುತಿಸುವುದು ಸುಲಭ. ಕೊರಳಲ್ಲಿ ಗೇಟ್ ಪಾಸ್, ಕಾಲಿಗೆ ಇನ್ನೂ ಒಗ್ಗದ ಸೇಫ್ಟಿ ಶೂ, ಕೈಯಲ್ಲಿ ಬುತ್ತಿಯ ಚೀಲ. ಬಸ್ಸು ಕೂಳೂರಿನಲ್ಲಿ ಹೆದ್ದಾರಿ ಸೇರಿ ಫಲ್ಗುಣಿ ನದಿಯ ಸೇತುವೆ ದಾಟಿತೆಂದರೆ ಪಣಂಬೂರು. ಅಲ್ಲಿ ರಸಗೊಬ್ಬರ ಕಾರ್ಖಾನೆ, ಬಂದರು, ಕುದುರೆಮುಖ ಕಂಪನಿಯ ಕಬ್ಬಿಣದ ಅದಿರಿನ ಪೆಲೆಟ್ ಸ್ಥಾವರ. ಇನ್ನೂ ಮುಂದೆ ಬೈಕಂಪಾಡಿಯ ಕೈಗಾರಿಕಾ ಪ್ರದೇಶ. ಕುದುರೆಮುಖ ಕಂಪನಿಯ ಟೌನ್‌ಶಿಪ್ ಕಾವೂರಿನಲ್ಲೇ ಇರುವುದರಿಂದ ಕಂಪನಿ ಕೆಲಸವೆಂದರೆ ಏನು ಎಂಬುದು ಇಲ್ಲಿನ ಮನೆಗಳಿಗೆ ಕಣ್ಣೆದುರಿನ ಸಂಗತಿ: ಕ್ವಾರ್ಟರ್ಸ್, ಪಿ.ಎಫ್., ನಿವೃತ್ತಿಯ ದಿನ ಕೈಸೇರುವ ದುಡ್ಡು. ಹಾಗಾಗಿ ಮಗನೋ ಮಗಳೋ ಒಂದು ವರ್ಷದ ಟ್ರೈನಿಂಗಿಗೆ ಸೇರಿದ ಕೂಡಲೇ ನೆಂಟರು ಕೇಳುವ ಮೊದಲ ಮಾತು, "ಮತ್ತೆ ಪರ್ಮನೆಂಟ್ ಮಾಡ್ತಾರಂತಾ?"

ಆ ಪ್ರಶ್ನೆ ನ್ಯಾಯವಾದದ್ದೇ, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಈ ವರ್ಷದ ಬೆಲೆ ಕಟ್ಟಬೇಕಾದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಅಲ್ಲಿ ಕಲಿಸುವವರು ಯಾರು? ನನ್ನಲ್ಲಿ ಪಾಠ ಕೇಳಿದ ಡಿಪ್ಲೊಮಾ ಹುಡುಗರ ಅನುಭವಗಳನ್ನು ಕೇಳುತ್ತಾ, ಅವರ ದಿನಚರಿ ಪುಸ್ತಕಗಳನ್ನು ಓದುತ್ತಾ ಬಂದ ನನಗೆ ಇಡೀ ವ್ಯವಸ್ಥೆಯ ಗಟ್ಟಿತನವೂ ಟೊಳ್ಳುತನವೂ ಈ ಒಂದೇ ಪ್ರಶ್ನೆಯಲ್ಲಿ ಅಡಗಿವೆ ಅನ್ನಿಸಿದೆ.

ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ. ಮೊದಲಿಗೆ ಅದು ಫಿಟ್ಟರ್, ಟರ್ನರ್, ಎಲೆಕ್ಟ್ರಿಶಿಯನ್‌ನಂಥ ಟ್ರೇಡ್‌ಗಳಿಗೆ ಸೀಮಿತವಾಗಿತ್ತು. 1973ರ ತಿದ್ದುಪಡಿ ಎಂಜಿನಿಯರಿಂಗ್ ಮತ್ತು ಡಿಪ್ಲೊಮಾ ಮುಗಿಸಿದವರನ್ನು ಒಳಗೆ ತಂದಿತು. 2014ರ ತಿದ್ದುಪಡಿ ಬಿ.ಕಾಂ., ಬಿ.ಎ. ಓದಿದವರಿಗೂ ಬಾಗಿಲು ತೆರೆಯಿತು. ಇಂದು 30 ಅಥವಾ ಅದಕ್ಕಿಂತ ಹೆಚ್ಚು ಮಂದಿ ದುಡಿಯುವ ಸಂಸ್ಥೆ ತನ್ನ ಒಟ್ಟು ಬಲದ ಶೇ. 2.5ರಿಂದ ಶೇ. 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಕಾಯ್ದೆಯ 18ನೇ ಕಲಮು ಅಪ್ರೆಂಟಿಸನನ್ನು ಕಲಿಯುವವನೆಂದು ಕರೆಯುತ್ತದೆ, ಕೆಲಸಗಾರನೆಂದಲ್ಲ. ಆದ್ದರಿಂದ ಪಿ.ಎಫ್. ಇಲ್ಲ, ಇ.ಎಸ್.ಐ. ಇಲ್ಲ. ಸುರಕ್ಷತೆಯ ನಿಯಮಗಳು ಮತ್ತು ಗಾಯಗೊಂಡರೆ ಸಿಗುವ ಪರಿಹಾರ ಮಾತ್ರ ಉಳಿದ ಕಾರ್ಮಿಕರಂತೆಯೇ ಅನ್ವಯವಾಗುತ್ತವೆ. ಕಾರ್ಮಿಕನ ಹಕ್ಕುಗಳನ್ನು ತಡೆಹಿಡಿಯಲು ಕೊಟ್ಟ ಕಾರಣ ಕಲಿಕೆ ಎಂದಾದರೆ, ಆ ಕಲಿಕೆ ಸಿಕ್ಕಿತೇ ಇಲ್ಲವೇ ಎಂದು ನೋಡುವ ಹೊಣೆ ಅಷ್ಟೇ ಬಿಗಿಯಾಗಿರಬೇಕಿತ್ತು. ಅಲ್ಲಿಯೇ ಕಾಯ್ದೆ ಸಡಿಲ.

ಐ.ಟಿ.ಐ. ಟ್ರೇಡಿನ ಹುಡುಗನಿಗೆ ಕೊನೆಯಲ್ಲಿ ಅಖಿಲ ಭಾರತ ಮಟ್ಟದ ಪರೀಕ್ಷೆಯಾದರೂ ಇದೆ. ಡಿಪ್ಲೊಮಾ, ಪದವಿಯವರಿಗೆ ಅದೂ ಇಲ್ಲ. ದಿನದಿನದ ಕೆಲಸವನ್ನು ಅವರು ಒಂದು ಪುಸ್ತಕದಲ್ಲಿ ಬರೆದಿಡಬೇಕು, ಮೂರು ತಿಂಗಳಿಗೊಮ್ಮೆ ಸಂಸ್ಥೆ ಪ್ರಗತಿಯ ವರದಿ ಕೊಡಬೇಕು. ವರ್ಷ ತುಂಬಿದರೆ ಪ್ರಮಾಣಪತ್ರ. ಹೀಗಾಗಿ ಕಲಿಕೆಗೆ ಉಳಿಯುವ ಒಂದೇ ಸಾಕ್ಷಿ ಆ ಪುಸ್ತಕ.

ಅಂಥದ್ದೊಂದು ಪುಸ್ತಕ ನನ್ನ ಮುಂದಿದೆ. ಅದನ್ನು ಬರೆದ ಹುಡುಗ ಕಾವೂರಿನವನೇ, ಮೆಕ್ಯಾನಿಕಲ್ ಡಿಪ್ಲೊಮಾ. ಕಂಪನಿಯ ಹೆಸರು ಬೇಡ. ಮೊದಲ ವಾರಗಳ ಪುಟಗಳಲ್ಲಿ ಉತ್ಸಾಹವಿದೆ: ಪಂಪಿನ ಚಿತ್ರ, ಬೇರಿಂಗ್ ನಂಬರು, ಅಂಚಿನಲ್ಲಿ ತನಗೆ ತಾನೇ ಬರೆದುಕೊಂಡ ಪ್ರಶ್ನೆಗಳು. ಎರಡನೆಯ ತಿಂಗಳಿಂದ ಒಂದೇ ವಾಕ್ಯ, ಇಂಗ್ಲಿಷಿನಲ್ಲಿ: ಅಬ್ಸರ್ವ್ಡ್ ಪಂಪ್ ಮೇಂಟೆನೆನ್ಸ್. ಮರುದಿನ ಅದೇ. ಅದರ ಮರುದಿನವೂ ಅದೇ. ಪ್ರತಿ ಪುಟದ ಕೆಳಗೆ ಸಹಿ ಇದೆ, ಮೊಹರು ಇದೆ. ಎಲ್ಲ ಸಹಿಗಳೂ ಒಂದೇ ಪೆನ್ನಿನವು, ಒಂದೇ ಸಲ ಕೂತು ಹಾಕಿದಂತಿವೆ. ಅಂಚಿನ ಪ್ರಶ್ನೆಗಳಿಗೆ ಯಾರೂ ಉತ್ತರ ಬರೆದಿಲ್ಲ. ಆಮೇಲೆ ಆ ಪ್ರಶ್ನೆಗಳೂ ನಿಂತಿವೆ.

ಇದನ್ನು ನೋಡಿ ವರ್ಷವೆಲ್ಲ ವ್ಯರ್ಥವಾಯಿತೆಂದು ತೀರ್ಪು ಕೊಟ್ಟರೆ ತಪ್ಪಾಗುತ್ತದೆ. ಏಕೆಂದರೆ ಆ ಹುಡುಗ ನಿಜಕ್ಕೂ ಕಲಿತಿದ್ದಾನೆ, ಪುಸ್ತಕದಲ್ಲಿ ಅದು ಬಂದಿಲ್ಲ ಅಷ್ಟೇ. ಅವನು ಹೇಳಿದ ಒಂದು ಪ್ರಸಂಗ ಇದು. ಪಂಪು ಮತ್ತು ಮೋಟಾರನ್ನು ಕಪ್ಲಿಂಗ್ ಹಾಕಿ ಜೋಡಿಸುವಾಗ ಎರಡರ ಶಾಫ್ಟೂ ಒಂದೇ ಗೆರೆಯಲ್ಲಿರಬೇಕು. ಕೂದಲೆಳೆಯಷ್ಟು ತಪ್ಪಿದರೂ ಬೇರಿಂಗು, ಸೀಲು ಬೇಗ ಹಾಳಾಗುತ್ತವೆ. ಮೋಟಾರಿನ ಬದಿಗೆ ಡಯಲ್ ಗೇಜ್ ಕಟ್ಟಿ, ಅದರ ಮುಳ್ಳನ್ನು ಪಂಪಿನ ಕಪ್ಲಿಂಗಿನ ಅಂಚಿಗೆ ತಾಗಿಸಿ, ಮೇಲ್ಭಾಗದಲ್ಲಿ ಸೊನ್ನೆ ಮಾಡಿ ಅರ್ಧ ಸುತ್ತು ತಿರುಗಿಸಿದರೆ ಕೆಳಗೆ 0.40 ಮಿ.ಮೀ. ಬಂತು. ಹುಡುಗ ಮೋಟಾರಿನ ಕಾಲಡಿ ಇಡಲು 0.40 ಮಿ.ಮೀ. ದಪ್ಪದ ಶಿಮ್, ಅಂದರೆ ತೆಳು ತಗಡು, ಹುಡುಕಲು ಹೊರಟ. ಪಕ್ಕದಲ್ಲಿ ಕುಳಿತಿದ್ದ ಫಿಟ್ಟರ್ ಹೇಳಿದರಂತೆ, "ಅರ್ಧ ಹಾಕು ಮಾರಾಯ, ಡಯಲ್ ಎರಡು ಪಟ್ಟು ತೋರಿಸ್ತದೆ." ಮುಳ್ಳು ಕೇಂದ್ರದ ಸುತ್ತ ಅತ್ತಿಂದ ಇತ್ತ ಹೋಗುವುದರಿಂದ ಶಾಫ್ಟುಗಳ ನಿಜವಾದ ವ್ಯತ್ಯಾಸ ಅದು ತೋರಿಸಿದ್ದರ ಅರ್ಧ. ಪುಸ್ತಕದಲ್ಲಿ ಓದಿ, ಪರೀಕ್ಷೆಯಲ್ಲಿ ಬರೆದು ಅಂಕ ಪಡೆದಿದ್ದ ವಿಷಯವೇ. ಅದು ಅವನಿಗೆ ಸ್ವಂತವಾದದ್ದು ಅವತ್ತು. ಮೊದಲು ಮೋಟಾರಿನ ನಾಲ್ಕು ಕಾಲುಗಳೂ ತಳಕ್ಕೆ ಸರಿಯಾಗಿ ಕೂತಿವೆಯೇ ಎಂದು ಫೀಲರ್ ಗೇಜಿನಲ್ಲಿ ನೋಡಬೇಕು, ಒಂದು ಕಾಲು ಎತ್ತಿಕೊಂಡಿದ್ದರೆ ಉಳಿದ ಅಳತೆಯೆಲ್ಲ ಸುಳ್ಳು ಎಂಬುದನ್ನೂ ಆ ಫಿಟ್ಟರೇ ಹೇಳಿಕೊಟ್ಟರು. ಹುಡುಗ ಅವರನ್ನು ಅಣ್ಣ ಎಂದೇ ಕರೆಯುತ್ತಾನೆ.

ಈ ಅಣ್ಣ ಆ ಕಂಪನಿಯ ನೌಕರರಲ್ಲ, ಕಾಂಟ್ರಾಕ್ಟಿನವರು. ಕಾಂಟ್ರಾಕ್ಟ್ ಮುಗಿದರೆ ಅವರ ಗೇಟ್ ಪಾಸೂ ಮುಗಿಯುತ್ತದೆ. ದಿನಚರಿಗೆ ಸಹಿ ಹಾಕುವ ಅಧಿಕಾರ ಅವರಿಗಿಲ್ಲ, ಪ್ರಗತಿಯ ವರದಿಯಲ್ಲಿ ಅವರ ಹೆಸರಿಲ್ಲ, ಕಲಿಸಿದ್ದಕ್ಕೆ ಒಂದು ಪೈಸೆ ಹೆಚ್ಚಿಗೆ ಸಿಗುವುದಿಲ್ಲ. ಕಲಿಸಿದರೆ ನಾಳೆ ಇದೇ ಹುಡುಗ ಕಡಿಮೆ ಸಂಬಳಕ್ಕೆ ತಮ್ಮ ಜಾಗದಲ್ಲಿ ನಿಲ್ಲಬಹುದು ಎಂಬ ಭಯಕ್ಕೂ ಕಾರಣವಿದೆ. ಆದರೂ ಕಲಿಸಿದರು. ಒಂದು ರಾಷ್ಟ್ರೀಯ ಯೋಜನೆಯ ಸಾರವೆಲ್ಲ ಹೀಗೆ ಒಬ್ಬರ ಒಳ್ಳೆಯ ಮನಸ್ಸಿನ ಮೇಲೆ ನಿಂತಿರುವುದು ನನಗೆ ಸಹಿಸಲಾಗದ ಸಂಗತಿ. ಅದೇ ಬ್ಯಾಚಿನ ಇನ್ನೊಬ್ಬನಿಗೆ ಅಂಥ ಅಣ್ಣ ಸಿಗಲಿಲ್ಲ. ಅವನು ಸ್ಟೋರಿನಲ್ಲಿ ನಟ್ಟು ಬೋಲ್ಟು ಎಣಿಸಿ, ಆಫೀಸಿನ ಜೆರಾಕ್ಸ್ ತಂದುಕೊಟ್ಟು ವರ್ಷ ಮುಗಿಸಿದ. ಇಬ್ಬರ ಪ್ರಮಾಣಪತ್ರದಲ್ಲೂ ಒಂದೇ ಒಕ್ಕಣೆ.

ಜರ್ಮನಿಯಲ್ಲೂ ಕಂಪನಿಯಲ್ಲಿ ಕಲಿಯುವವರು ದಿನಚರಿ ಬರೆಯುತ್ತಾರೆ. ಆದರೆ ಅಲ್ಲಿ ಅದಿಲ್ಲದೆ ಕೊನೆಯ ಪರೀಕ್ಷೆಗೆ ಕೂರುವಂತಿಲ್ಲ. ಕಂಪನಿಯೊಳಗೆ ಕಲಿಸುವವರಿಗೆ, ಕಲಿಸಲು ಬರುತ್ತದೆ ಎಂದು ತೋರಿಸುವ ಪ್ರತ್ಯೇಕ ಪರೀಕ್ಷೆಯೇ ಇದೆ. ವಾರದಲ್ಲಿ ಒಂದೆರಡು ದಿನ ಹುಡುಗರು ವೃತ್ತಿಶಾಲೆಗೆ ಮರಳುತ್ತಾರೆ, ಕಾರ್ಖಾನೆಯ ಷಾಪಿನಲ್ಲಿ ಎದ್ದ ಪ್ರಶ್ನೆಯನ್ನು ಅಲ್ಲಿ ಕೇಳಬಹುದು. ನಮ್ಮವರು ಸ್ಟೈಪೆಂಡ್, ಅವಧಿ, ಪೋರ್ಟಲ್ ಎಲ್ಲವನ್ನೂ ರೂಪಿಸಿದರು. ಕಲಿಸುವವರೇ ಬಿಟ್ಟುಹೋದರು.

ಬಿ.ಕಾಂ. ಮುಗಿಸಿ ಆಫೀಸಿನಲ್ಲಿ ವರ್ಷ ಕಳೆದ ಹುಡುಗಿಯರ ಕಥೆಯೂ ಬಹುತೇಕ ಇದೇ. ಬಿಲ್ಲುಗಳನ್ನು ಸ್ಕ್ಯಾನ್ ಮಾಡುವುದು, ಹಾಜರಿಯನ್ನು ಎಕ್ಸೆಲ್‌ಗೆ ತುಂಬುವುದು. ಅವರಲ್ಲೊಬ್ಬಳು ಖರೀದಿ ಲೆಕ್ಕವನ್ನು ಜಿ.ಎಸ್.ಟಿ.ಯ 2ಬಿ ಪಟ್ಟಿಯೊಂದಿಗೆ ತಾಳೆ ನೋಡುವುದನ್ನು ಕಲಿತಳು: ಮಾಲು ಕೊಟ್ಟವನು ತನ್ನ ರಿಟರ್ನ್ ಸಲ್ಲಿಸದಿದ್ದರೆ ಕೊಂಡವನಿಗೆ ತೆರಿಗೆಯ ಕ್ರೆಡಿಟ್ ಸಿಗುವುದಿಲ್ಲ, ಆಗ ಯಾರಿಗೆ ಫೋನ್ ಮಾಡಿ ಏನು ಹೇಳಬೇಕು. ಅಕೌಂಟ್ಸ್ ವಿಭಾಗದ ಹಿರಿಯರೊಬ್ಬರು ಪಕ್ಕ ಕೂರಿಸಿಕೊಂಡರು, ಅದಕ್ಕೇ. ಈಗ ಯು.ಜಿ.ಸಿ.ಯ ಒತ್ತಾಸೆಯಿಂದ ಪದವಿಯೊಳಗೇ ಅಪ್ರೆಂಟಿಸ್‌ಶಿಪ್ ಸೇರಿಸುವ ಕೋರ್ಸುಗಳು ನಮ್ಮ ರಾಜ್ಯದ ಕೆಲವು ಸರ್ಕಾರಿ ಪದವಿ ಕಾಲೇಜುಗಳಿಗೂ ಬಂದಿವೆ. ಪದವಿಯ ಕ್ರೆಡಿಟ್ಟಿನ ಲೆಕ್ಕ ಬಂದ ಮೇಲಾದರೂ ಆ ದಿನಚರಿಯನ್ನು ಕಾಲೇಜಿನವರು ಓದಬೇಕು.

ಇನ್ನು ದುಡ್ಡಿನ ಮಾತು. 2019ರ ನಿಯಮದಂತೆ ತಿಂಗಳಿಗೆ ಕನಿಷ್ಠ ಸ್ಟೈಪೆಂಡ್ ಪದವೀಧರರಿಗೆ 9,000 ರೂಪಾಯಿ, ಡಿಪ್ಲೊಮಾದವರಿಗೆ 8,000 ಎಂದು ನಿಗದಿಯಾಗಿತ್ತು. ಇದರಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. 2025ರ ಮೇ ತಿಂಗಳಲ್ಲಿ ಕೇಂದ್ರ ಅಪ್ರೆಂಟಿಸ್‌ಶಿಪ್ ಮಂಡಳಿ ಶೇ. 36ರ ಏರಿಕೆಗೆ ಶಿಫಾರಸು ಮಾಡಿತು. ಕಾವೂರಿನ ಹುಡುಗನಿಗೆ 8,000 ಸಿಕ್ಕರೂ ಸಾಲುತ್ತದೆ. ಮನೆಯ ಊಟ, ಮನೆಯ ಹಾಸಿಗೆ, ಬಸ್ಸಿನ ಖರ್ಚಷ್ಟೇ. ಆದರೆ ರಾಯಚೂರಿನಿಂದ, ವಿಜಯಪುರದಿಂದ ಬರುವವನ ಲೆಕ್ಕ ಬೇರೆ. ಕೋಣೆ ಬಾಡಿಗೆ, ಊಟ ಕಳೆದರೆ ಅವನಿಗೆ ಉಳಿಯುವುದು ಅಷ್ಟಕ್ಕಷ್ಟೇ, ಕೆಲವೊಮ್ಮೆ ಮನೆಯವರೇ ದುಡ್ಡು ಕಳಿಸಬೇಕು. ಯಾರಿಗೆ ಈ ಅವಕಾಶ ಅತಿ ಹೆಚ್ಚು ಬೇಕೋ, ಯಾರ ಊರಲ್ಲಿ ಕಾರ್ಖಾನೆಯೇ ಇಲ್ಲವೋ, ಅವರೇ ದೂರ ಉಳಿಯುತ್ತಾರೆ.

2024ರ ಅಕ್ಟೋಬರಿನಲ್ಲಿ ಶುರುವಾದ ಪ್ರಧಾನಮಂತ್ರಿ ಇಂಟರ್ನ್‌ಶಿಪ್ ಯೋಜನೆ ಇದನ್ನು ಎತ್ತಿ ತೋರಿಸಿತು. ಐದು ವರ್ಷದಲ್ಲಿ ಒಂದು ಕೋಟಿ ಯುವಜನರಿಗೆ ದೇಶದ ದೊಡ್ಡ 500 ಕಂಪನಿಗಳಲ್ಲಿ ಹನ್ನೆರಡು ತಿಂಗಳ ಅನುಭವ ಎಂಬುದು ಆರಂಭದಲ್ಲಿ ಅದರ ಗುರಿಯಾಗಿತ್ತು. ಆಗ ಗೊತ್ತುಮಾಡಿದ್ದು ತಿಂಗಳಿಗೆ 5,000 ರೂಪಾಯಿ, ಸೇರುವಾಗ ಒಮ್ಮೆ 6,000. ಮೊದಲ ಸುತ್ತಿನಲ್ಲಿ ಕಂಪನಿಗಳು 82 ಸಾವಿರಕ್ಕೂ ಹೆಚ್ಚು ಆಹ್ವಾನ ಕೊಟ್ಟವು, ಒಪ್ಪಿದವರು ಸುಮಾರು 28 ಸಾವಿರ, ಕೊನೆಗೆ ಸೇರಿದವರು 9 ಸಾವಿರಕ್ಕಿಂತ ಕಡಿಮೆ. ಊರಿನಿಂದ ದೂರ, ಅವಧಿ ದೀರ್ಘ, ಕೊಟ್ಟ ಕೆಲಸ ಇಷ್ಟವಿಲ್ಲ ಎಂಬ ಕಾರಣಗಳು ಕೇಳಿಬಂದವು. ಹುಡುಗರಿಗೆ ಶ್ರದ್ಧೆಯಿಲ್ಲ ಎಂದು ಇದನ್ನು ತಳ್ಳಿಹಾಕುವವರ ಮಾತನ್ನು ನಾನು ಒಪ್ಪಲಾರೆ. 5,000 ರೂಪಾಯಿಗೆ ಬೇರೆ ಊರಲ್ಲಿ ವರ್ಷವಿಡೀ ಬದುಕು ಎಂದರೆ ಯಾವ ಬಡವರ ಮನೆಯ ಮಗ ಹೊರಟಾನು?

ಈಗ ನೆಂಟರ ಪ್ರಶ್ನೆಗೆ ಬರೋಣ. ಕಾಯ್ದೆಯ 22ನೇ ಕಲಮಿನಂತೆ ಅಪ್ರೆಂಟಿಸ್ ಆಗಿದ್ದವರನ್ನು ಕೆಲಸಕ್ಕೆ ತೆಗೆದುಕೊಳ್ಳುವ ಬಗ್ಗೆ ಸಂಸ್ಥೆಯೇ ತನ್ನ ನೀತಿ ರೂಪಿಸಿಕೊಳ್ಳುತ್ತದೆ. ತೆಗೆದುಕೊಳ್ಳಲೇಬೇಕೆಂಬ ಒತ್ತಾಯವಿಲ್ಲ. ಉತ್ತರ ಪ್ರದೇಶ ರಸ್ತೆ ಸಾರಿಗೆ ಸಂಸ್ಥೆಯ ಪ್ರಕರಣದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್, ಉಳಿದೆಲ್ಲ ಅರ್ಹತೆ ಸಮನಾಗಿದ್ದರೆ ನೇರವಾಗಿ ಬಂದವರಿಗಿಂತ ತರಬೇತಿ ಪಡೆದ ಅಪ್ರೆಂಟಿಸ್‌ಗೆ ಆದ್ಯತೆ ಸಿಗಬೇಕೆಂದಿತು. ಆದರೆ ಆದ್ಯತೆ ಸಿಗಲು ನೇಮಕಾತಿ ಇರಬೇಕು. ಒಂದು ಬ್ಯಾಚು ಹೊರಟಂತೆ ಇನ್ನೊಂದು ಬ್ಯಾಚು ಬರುತ್ತಿದ್ದರೆ ಸಣ್ಣಪುಟ್ಟ ಕೆಲಸಗಳಿಗೆ ಪರ್ಮನೆಂಟ್ ಹುದ್ದೆ ತುಂಬುವ ಅಗತ್ಯವೇ ಬೀಳುವುದಿಲ್ಲ.

ಕೆಲಸ ಪರ್ಮನೆಂಟ್ ಆಗದ ಈ ನೋವಿಗೆ ನಮ್ಮ ಕಡೆ ಇನ್ನೊಂದು ಪದರವಿದೆ. ಪಣಂಬೂರಿನ ಬಂದರಿಗಾಗಿ ಒಕ್ಕಲೆದ್ದ ಕುಟುಂಬಗಳು ಕಾಟಿಪಳ್ಳದಲ್ಲಿ ನೆಲೆ ಕಂಡವು. ಬಂದರು 1975ರ ಜನವರಿಯಲ್ಲಿ ಉದ್ಘಾಟನೆಯಾಯಿತು, ಮರುವರ್ಷ ರಸಗೊಬ್ಬರ ಕಾರ್ಖಾನೆ ಉತ್ಪಾದನೆ ಆರಂಭಿಸಿತು. ಅಂದು ನೆಲ ಬಿಟ್ಟುಕೊಟ್ಟವರ ಮೊಮ್ಮಕ್ಕಳ ವಯಸ್ಸಿನವರು ಇಂದು ಅದೇ ನೆಲಕ್ಕೆ ಒಂದು ವರ್ಷದ ಪಾಸು ಹಿಡಿದು ಹೋಗುತ್ತಾರೆ. ಅವರಿಗೆ ಆ ವರ್ಷದಲ್ಲಿ ಕನಿಷ್ಠ ಒಂದು ವಿದ್ಯೆಯಾದರೂ ಪೂರ್ತಿಯಾಗಿ ಸಿಗಬೇಕು ಎಂದು ಕೇಳುವುದು ಅತಿಯಾಸೆಯಲ್ಲ.

ಇಷ್ಟೆಲ್ಲ ಕೊರತೆಯಿದ್ದರೂ ಹೋಗಬೇಡಿ ಎಂದು ನಾನು ಯಾವ ಹುಡುಗನಿಗೂ ಹೇಳುವುದಿಲ್ಲ. ಮೂರು ವರ್ಷ ಕಪ್ಪುಹಲಗೆಯ ಮೇಲೆ ಪಂಪು ನೋಡಿದವನಿಗೆ ಓಡುವ ಪಂಪಿನ ಶಬ್ದ ಕೇಳಿ ಬೇರಿಂಗು ಹೋಗಿದೆ ಎಂದು ತಿಳಿಯುವುದು ಷಾಪಿನಲ್ಲೇ ಬರಬೇಕಾದ ವಿದ್ಯೆ. ನನ್ನ ತಕರಾರು ಅಪ್ರೆಂಟಿಸ್ ಕರಾರುಪತ್ರದ ಮೇಲೆ. ವಿದ್ಯಾರ್ಥಿ ಸಹಿ ಹಾಕುವ ದಿನವೇ ಅದರಲ್ಲಿ ಅವನಿಗೆ ಕಲಿಸುವವರ ಹೆಸರು ಬರೆದಿರಬೇಕು, ಅವರು ಕಾಂಟ್ರಾಕ್ಟಿನ ಫಿಟ್ಟರೇ ಆಗಿದ್ದರೂ ಸರಿ. ಕಲಿಸುವ ಗಂಟೆಗಳಿಗೆ ಅವರಿಗೆ ಕೂಲಿ ಸೇರಬೇಕು, ದಿನಚರಿಗೆ ಅವರದೇ ಸಹಿ ಬೀಳಬೇಕು. ಪಾಲಿಟೆಕ್ನಿಕ್ಕಿನ ಉಪನ್ಯಾಸಕರೊಬ್ಬರು ಮೂರು ತಿಂಗಳಿಗೊಮ್ಮೆಯಾದರೂ ಗೇಟಿನೊಳಗೆ ಹೋಗಿ ಹುಡುಗನ ಕೈಗೆ ಡಯಲ್ ಗೇಜ್ ಕೊಟ್ಟು, ಇದನ್ನು ಅಲೈನ್ ಮಾಡಿ ತೋರಿಸು ಎನ್ನಬೇಕು. ಹೊರಗಿನ ಜಿಲ್ಲೆಯಿಂದ ಬಂದವರಿಗೆ ಕೋಣೆ ಬಾಡಿಗೆಯ ಪಾಲನ್ನು ಸ್ಟೈಪೆಂಡಿನ ಹೊರಗೆ ಕೊಡಬೇಕು. ಸ್ಟೈಪೆಂಡಿನ ಅರ್ಧ ಭಾರ ಹೊರುವ ಸರ್ಕಾರಕ್ಕೆ ಈ ಷರತ್ತುಗಳನ್ನು ಹಾಕುವ ಅಧಿಕಾರ ಇಂದೇ ಇದೆ.